ಆಧುನಿಕ ಅರಬ್ಬೀ–ಫಾರಸಿ ಸಾಹಿತ್ಯಗಳ ಮೇಲೆ ಪಾಶ್ಚಾತ್ಯ ಪ್ರಭಾವ: ಹೈದರಾಬಾದಿನ ನೆಲೆಯಿಂದ ಒಂದು ಪರಿಶೀಲನೆ

1

ಹಿಂದಿನ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಬೀದರ, ಕಲಬುರ್ಗಿ, ರಾಯಚೂರು ಸೀಮೆಯ ಕನ್ನಡಿಗರ ಕಚೇರಿ ವ್ಯವಹಾರದಲ್ಲಿ ‘ಕಾನೂನು’, ‘ಕಲಮು’ ಎಂಬ ಶಬ್ದಗಳು ಸಹಜವಾಗಿ ಬಳಕೆಗೊಂಡಿವೆ. ಇವು ಅರಬ್ಬೀ ಮೂಲದವು, ಫಾರಸಿ ಮತ್ತು ಉರ್ದುಗಳ ಮೂಲಕ ಕನ್ನಡಕ್ಕೆ ಬಂದವು ಎಂಬುದು ಸಾಮಾನ್ಯ ತಿಳಿವಳಿಕೆ. ಈ ಮಾತು ನಿಜವಾದರೂ ಪೂರ್ಣವಲ್ಲ. ಅರಬ್ಬೀ ಭಾಷೆಗೆ ಇವೆರಡೂ ಗ್ರೀಕಿನಿಂದ ಬಂದವು. ಅಳತೆಗೋಲು, ನಿಯಮ ಎಂಬರ್ಥದ ‘ಕಾನೋನ್’ ಶಬ್ದವು ಅಲ್ಲಿ ಕಾನೂನಾಯಿತು. ಜೊಂಡು, ಜೊಂಡಿನ ಲೇಖನಿ ಎಂಬರ್ಥದ ‘ಕಲಮೋಸ್’ ಕಲಮಾಗಿ, ಕನ್ನಡಕ್ಕೆ ಬರುವ ಹೊತ್ತಿಗೆ ಕಾನೂನಿನ ವಿಧಿಗೆ ಹೆಸರಾಯಿತು. ಹೈದರಾಬಾದಿನಲ್ಲಿ ಇಂದಿಗೂ ಪ್ರಚಾರದಲ್ಲಿರುವ ‘ಯುನಾನಿ’ ವೈದ್ಯಪದ್ಧತಿಯ ಹೆಸರು ಕೂಡ ಅಯೋನಿಯಾ ಎಂಬ ಗ್ರೀಕ್ ಪ್ರದೇಶವನ್ನೇ ನೆನಪಿಸುತ್ತದೆ.

ಈ ಸಣ್ಣ ಸಂಗತಿ ಒಂದು ದೊಡ್ಡ ಪ್ರಶ್ನೆಗೆ ಪ್ರವೇಶ ದೊರಕಿಸುತ್ತದೆ. ಕನ್ನಡ ವಿಮರ್ಶೆಯಲ್ಲಿ ‘ಪಾಶ್ಚಾತ್ಯ ಪ್ರಭಾವ’ ಎಂಬುದು ಬಹುಮಟ್ಟಿಗೆ ಇಂಗ್ಲಿಷ್ ಮತ್ತು ಕನ್ನಡಗಳೆರಡರ ನಡುವಿನ ವ್ಯವಹಾರವಾಗಿಯೇ ಚರ್ಚೆಗೊಳಗಾಗಿದೆ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’, ನವೋದಯದ ಭಾವಗೀತೆ, ನವ್ಯರ ಮೇಲೆ ಎಲಿಯಟ್‌ನ ಪರಿಣಾಮ ಇವು ಆ ಚರ್ಚೆಯ ಪರಿಚಿತ ಘಟ್ಟಗಳು. ಇದೇ ಕಾಲದಲ್ಲಿ ಅರಬ್ಬೀ ಹಾಗೂ ಫಾರಸಿ ಸಾಹಿತ್ಯಗಳೂ ಯುರೋಪಿನೊಡನೆ ಮುಖಾಮುಖಿಯಾದವು. ಆ ಎರಡೂ ಭಾಷೆಗಳ ವಿದ್ಯೆ ಶತಮಾನಗಳ ಕಾಲ ನೆಲೆಸಿದ್ದ ಹೈದರಾಬಾದು ಈ ಮುಖಾಮುಖಿಯ ಒಂದು ಭಾರತೀಯ ಕೇಂದ್ರವಾಯಿತು. ಹೊಸದು ಒಂದು ಭಾಷೆಯಲ್ಲಿ ಯಾವಾಗ ಬೇರೂರುತ್ತದೆ, ಯಾವಾಗ ಒಣಗಿಹೋಗುತ್ತದೆ ಎಂಬ ಪ್ರಶ್ನೆಯನ್ನು ಹೈದರಾಬಾದಿನ ನೆಲೆಯಲ್ಲಿ ನಿಂತು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಅರಬ್ಬರಿಗೆ ಪಾಶ್ಚಾತ್ಯ ವಿದ್ಯೆಯ ಮೊದಲ ಪರಿಚಯವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಲ್ಲ. ಎಂಟರಿಂದ ಹತ್ತನೆಯ ಶತಮಾನದವರೆಗೆ ಅಬ್ಬಾಸೀ ಖಲೀಫರ ಬಾಗ್ದಾದಿನಲ್ಲಿ ಗ್ರೀಕ್ ವೈದ್ಯ, ಗಣಿತ, ಖಗೋಳ ಮತ್ತು ತತ್ತ್ವಶಾಸ್ತ್ರದ ಗ್ರಂಥಗಳು ದೊಡ್ಡ ಪ್ರಮಾಣದಲ್ಲಿ ಅನುವಾದಗೊಂಡವು. ಆದರೆ ಹೋಮರನ ಕಾವ್ಯವಾಗಲಿ ಸೋಫೋಕ್ಲಿಸನ ನಾಟಕವಾಗಲಿ ಆಗ ಅರಬ್ಬಿಗೆ ಬರಲಿಲ್ಲ. ಅರಬ್ಬರಿಗೆ ತಮ್ಮದೇ ಆದ ಸಮೃದ್ಧ ಕಾವ್ಯಪರಂಪರೆಯಿತ್ತು; ಅನ್ಯರ ಕಾವ್ಯದ ಅಗತ್ಯ ಅವರಿಗೆ ಕಾಣಲಿಲ್ಲ.

ಅರಿಸ್ಟಾಟಲನ ‘ಕಾವ್ಯಮೀಮಾಂಸೆ’ ಮಾತ್ರ ತರ್ಕಗ್ರಂಥಗಳ ಸಾಲಿನಲ್ಲಿ ಸೇರಿಕೊಂಡು ಹತ್ತನೆಯ ಶತಮಾನದಲ್ಲಿ ಮತ್ತಾ ಬಿನ್ ಯೂನುಸನ ಲೇಖನಿಯಿಂದ ಸಿರಿಯಾಕ್ ಭಾಷೆಯ ಮೂಲಕ ಅರಬ್ಬಿಗೆ ಬಂದಿತು. ನಾಟಕವೆಂಬ ಪ್ರಭೇದವೇ ಇಲ್ಲದ ಭಾಷೆಯಲ್ಲಿ ‘ಟ್ರ್ಯಾಜಿಡಿ’ಗೆ ಸಂವಾದಿಯಾದ ಶಬ್ದವೆಲ್ಲಿಯದು? ಅದು ಸ್ತುತಿಕಾವ್ಯವಾಯಿತು, ‘ಕಾಮಿಡಿ’ ನಿಂದಾಕಾವ್ಯವಾಯಿತು. ಹನ್ನೆರಡನೆಯ ಶತಮಾನದ ಮಹಾಪಂಡಿತ ಇಬ್ನ್ ರುಷ್ದ್ ಈ ಅರ್ಥಗಳನ್ನೇ ಆಧಾರವಾಗಿಟ್ಟುಕೊಂಡು ವ್ಯಾಖ್ಯಾನ ರಚಿಸಿದನು. ಇದು ಪಾಂಡಿತ್ಯದ ಕೊರತೆಯಿಂದಾದ ತಪ್ಪಲ್ಲ. ಶಬ್ದವು ಸೂಚಿಸುವ ವಸ್ತು ಎದುರಿಗೆ ಇಲ್ಲದಿದ್ದಾಗ ಎಂಥ ಪಂಡಿತನಿಗೂ ಒದಗುವ ಸಂಕಟ.

ಇದಕ್ಕೆ ಹೋಲುವ ಒಂದು ನಿದರ್ಶನವನ್ನು ಉರ್ದುವಿನಲ್ಲಿ ಕಾಣಬಹುದು. ಹೈದರಾಬಾದು ಸಂಸ್ಥಾನದ ಗೌರವಧನವನ್ನು ಪಡೆದಿದ್ದ ಅಲ್ತಾಫ್ ಹುಸೇನ್ ಹಾಲಿ 1893ರಲ್ಲಿ ಪ್ರಕಟಿಸಿದ ‘ಮುಕದ್ದಮಾ’ ಉರ್ದುವಿನ ಆಧುನಿಕ ವಿಮರ್ಶೆಗೆ ಅಡಿಪಾಯವೆನಿಸಿದ ಗ್ರಂಥ. ಕಾವ್ಯವು ಸರಳವೂ ಇಂದ್ರಿಯಗಮ್ಯವೂ ಭಾವೋತ್ಕಟವೂ ಆಗಿರಬೇಕೆಂಬ ಮಿಲ್ಟನ್‌ನ ಪ್ರಸಿದ್ಧ ಲಕ್ಷಣತ್ರಯವು ಹಾಲಿಯಲ್ಲಿ ‘ಸಾದಗಿ, ಅಸಲಿಯತ್, ಜೋಶ್’ ಎಂದಾಯಿತು. ನಡುವಿನ ಇಂದ್ರಿಯಗಮ್ಯತೆ ‘ವಾಸ್ತವತೆ’ಯಾಗಿ ಮಾರ್ಪಟ್ಟಿತು. ಅಲಂಕಾರದ ಭಾರದಿಂದ ಬಳಲಿದ್ದ ಅಂದಿನ ಉರ್ದು ಕಾವ್ಯಕ್ಕೆ ಬೇಕಾಗಿದ್ದುದು ಸತ್ಯನಿಷ್ಠೆ. ಹಾಲಿ ಮಿಲ್ಟನ್‌ನಲ್ಲಿ ಅದನ್ನೇ ಕಂಡರು. ಇಬ್ನ್ ರುಷ್ದ್‌ನ ವ್ಯಾಖ್ಯಾನದಿಂದ ಅರಬ್ಬಿಯಲ್ಲಿ ನಾಟಕ ಹುಟ್ಟಲಿಲ್ಲ. ಹಾಲಿಯ ಅಪವ್ಯಾಖ್ಯೆಯಿಂದ ಉರ್ದುವಿನಲ್ಲಿ ಹೊಸ ಕಾವ್ಯಮಾರ್ಗಕ್ಕೆ ಬಲ ಬಂದಿತು. ಎರಡರ ನಡುವಿನ ಅಂತರ ಅನುವಾದದ ನಿಷ್ಕೃಷ್ಟತೆಯದಲ್ಲ, ಸ್ವೀಕರಿಸುವ ಭಾಷೆಯ ಅಗತ್ಯದ್ದು.

3

ಎರಡನೆಯ ಮುಖಾಮುಖಿಯ ಹಿನ್ನೆಲೆ ಸಂಪೂರ್ಣ ಭಿನ್ನವಾದುದು. ಬಾಗ್ದಾದಿನ ಅನುವಾದಕರು ಗೆದ್ದ ಸಾಮ್ರಾಜ್ಯದ ಪ್ರಜೆಗಳಾಗಿದ್ದರು. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಕಾಲಿಟ್ಟ ನಂತರ ಸ್ಥಾನಗಳು ಅದಲುಬದಲಾದವು. 1826ರಲ್ಲಿ ಈಜಿಪ್ಟಿನ ವಿದ್ಯಾರ್ಥಿತಂಡದೊಡನೆ ಪ್ಯಾರಿಸ್ಸಿಗೆ ಹೋದ ರಿಫಾಅ ಅಲ್ ತಹ್ತಾವಿ ಮರಳಿ ಬಂದು 1835ರಲ್ಲಿ ಕೈರೋದ ಭಾಷಾಶಾಲೆಯ ಹೊಣೆ ಹೊತ್ತರು. ಇರಾನಿನಲ್ಲಿ 1851ರಲ್ಲಿ ತೆಹರಾನಿನ ‘ದಾರುಲ್ ಫುನೂನ್’ ವಿದ್ಯಾಲಯ ಪ್ರಾರಂಭವಾಯಿತು. ಎರಡೂ ಕಡೆ ಮೊದಲಿಗೆ ಬೇಕಾದುದು ಸೈನ್ಯ, ವೈದ್ಯ, ಯಂತ್ರಗಳ ವಿದ್ಯೆ. ಸಾಹಿತ್ಯ ಅದರ ಹಿಂದೆ ಬಂದಿತು.

ಮುದ್ರಣ ಮತ್ತು ಪತ್ರಿಕೆಗಳು ಗದ್ಯದ ಸ್ವರೂಪವನ್ನೇ ಬದಲಿಸಿದವು. ಪ್ರಾಸಬದ್ಧವಾದ ಆಡಂಬರದ ಗದ್ಯ ಹಿಂದೆ ಸರಿದು, ಸುದ್ದಿಯನ್ನೂ ವಾದವನ್ನೂ ಕಥೆಯನ್ನೂ ಹೇಳಬಲ್ಲ ಗದ್ಯ ಮುಂದೆ ಬಂದಿತು. ಬೈರೂತಿನಲ್ಲಿ ಮಾರೂನ್ ಅಲ್ ನಕ್ಕಾಶ್ 1847ರ ಸುಮಾರಿಗೆ ಮೋಲಿಯೇರನ ಪ್ರೇರಣೆಯಿಂದ ‘ಲೋಭಿ’ಯ ನಾಟಕವನ್ನು ಆಡಿಸಿದರು. ಸುಲೈಮಾನ್ ಅಲ್ ಬುಸ್ತಾನಿಯವರ ಪದ್ಯಾನುವಾದದಲ್ಲಿ ‘ಇಲಿಯಡ್’ ಅರಬ್ಬಿಗೆ ಬಂದದ್ದು 1904ರಲ್ಲಿ. ಬಾಗ್ದಾದು ಬೇಡವೆಂದದ್ದನ್ನು ಕೈರೋ ಸಾವಿರ ವರ್ಷಗಳ ಅನಂತರ ಬರಮಾಡಿಕೊಂಡಿತು. ಮುಹಮ್ಮದ್ ಹುಸೇನ್ ಹೈಕಲ್ ಪ್ಯಾರಿಸ್ಸಿನಲ್ಲಿದ್ದಾಗ ಬರೆದ ‘ಜೈನಬ್’ ಕಾದಂಬರಿ 1913ರಲ್ಲಿ ಹೊರಬಂದಾಗ ಅದರ ಮೇಲೆ ಕರ್ತೃವಿನ ಹೆಸರಿರಲಿಲ್ಲ. ‘ಒಬ್ಬ ಈಜಿಪ್ಟ್ ರೈತ’ ಎಂದಷ್ಟೇ ಇತ್ತು. ಕಾದಂಬರಿ ಬರೆಯುವುದು ಅಂದಿನ ವಕೀಲನೊಬ್ಬನಿಗೆ ಗೌರವದ ಕೆಲಸವಾಗಿರಲಿಲ್ಲ.

ಫಾರಸಿಯ ಕಥೆಯಲ್ಲಿ ಭಾರತದ ಪಾತ್ರ ದೊಡ್ಡದು. ಜೇಮ್ಸ್ ಮೋರಿಯರ್ ಎಂಬ ಆಂಗ್ಲ ಅಧಿಕಾರಿ 1824ರಲ್ಲಿ ಇರಾನಿಗರನ್ನು ಗೇಲಿ ಮಾಡಿ ಬರೆದ ‘ಹಾಜಿ ಬಾಬಾ’ ಕೃತಿಯನ್ನು ಮಿರ್ಜಾ ಹಬೀಬ್ ಇಸ್ಫಹಾನಿ ಫ್ರೆಂಚಿನ ಮೂಲಕ ಫಾರಸಿಗೆ ತಂದರು. ಅದು 1905ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ಹೊರಗಿನವನ ಗೇಲಿ ಅನುವಾದದಲ್ಲಿ ಆತ್ಮವಿಮರ್ಶೆಯಾಗಿ, ಇರಾನಿನ ಹೊಸ ಗದ್ಯಕ್ಕೆ ಮಾದರಿಯಾಯಿತು. ಸಾದಿಖ್ ಹಿದಾಯತ್ ತಮ್ಮ ‘ಬೂಫೆ ಕೂರ್’ ಕಾದಂಬರಿಯ ಮೊದಲ ಕೆಲವೇ ಪ್ರತಿಗಳನ್ನು ಹೊರತಂದದ್ದು 1936–37ರಲ್ಲಿ, ಮುಂಬಯಿಯಲ್ಲಿದ್ದಾಗ.

ಇಬ್ಬರ ನಡುವಿನ ದಾರಿ ಒಮ್ಮುಖವಾಗಿರಲಿಲ್ಲ. ಹಾಫಿಜನ ಜರ್ಮನ್ ಅನುವಾದವನ್ನು ಓದಿ ಗಯಟೆ 1819ರಲ್ಲಿ ತನ್ನ ‘ದಿವಾನ್’ ಪ್ರಕಟಿಸಿದನು. ಅದಕ್ಕೆ ಉತ್ತರವಾಗಿ ಇಕ್ಬಾಲ್ 1923ರಲ್ಲಿ ಫಾರಸಿಯಲ್ಲಿ ‘ಪಯಾಮೆ ಮಶ್ರಿಕ್’ ರಚಿಸಿದರು. ಉಮರ್ ಖಯ್ಯಾಮನ ರುಬಾಯಿಗಳನ್ನು ಫಿಟ್ಸ್‌ಜೆರಾಲ್ಡ್ 1859ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಖಯ್ಯಾಮನ ಕೀರ್ತಿ ಯುರೋಪಿನಿಂದ ಇರಾನಿಗೆ ಮರಳಿತು. ಡಿ.ವಿ.ಜಿ. ಅವರ ‘ಉಮರನ ಒಸಗೆ’ ಕನ್ನಡಕ್ಕೆ ಬಂದದ್ದು ಈ ಇಂಗ್ಲಿಷ್ ದಾರಿಯಿಂದಲೇ. ಕನ್ನಡ ನಾಡಿನ ಉತ್ತರ ಭಾಗದಲ್ಲಿ ಫಾರಸಿ ಬಲ್ಲವರು ಶತಮಾನಗಳಿಂದ ಇದ್ದರು. ಆದರೂ ಖಯ್ಯಾಮ ನೆರೆಮನೆಯ ಬಾಗಿಲಿನಿಂದ ಬಾರದೆ ಲಂಡನ್ ಸುತ್ತಿಕೊಂಡು ಬಂದನೆಂಬುದು ಚಿಂತನಾರ್ಹ.

4

ಗದ್ಯಕ್ಕೆ ಹೊಸ ಪ್ರಭೇದಗಳು ಸಾಕು. ಪದ್ಯದ ಸಮಸ್ಯೆ ಇನ್ನೂ ಆಳವಾದುದು. ಅರಬ್ಬೀ, ಫಾರಸಿ ಮತ್ತು ಉರ್ದುಗಳ ‘ಅರೂಜ್’ ಛಂದಸ್ಸು ಕನ್ನಡ–ಸಂಸ್ಕೃತಗಳ ಛಂದಸ್ಸಿನಂತೆ ಅಕ್ಷರಗಳ ಹ್ರಸ್ವದೀರ್ಘ ಕಾಲಮಾನವನ್ನು ಆಧರಿಸಿದುದು. ನಿಯತ ಗಣಗಳಿಂದಾದ ಎರಡು ಸಮಾರ್ಧಗಳು ಕೂಡಿ ಒಂದು ‘ಬೈತ್’. ಖಸೀದೆಯಲ್ಲಿಯೂ ಗಜಲಿನಲ್ಲಿಯೂ ಆದಿಯಿಂದ ಅಂತ್ಯದವರೆಗೆ ಒಂದೇ ಅಂತ್ಯಪ್ರಾಸ. ಪ್ರತಿಯೊಂದು ಬೈತ್ ತನ್ನಲ್ಲಿಯೇ ಪೂರ್ಣ. ಭಾವವನ್ನು ಸಾಲಿನಿಂದ ಸಾಲಿಗೆ ಹರಿಯಬಿಡುವುದು ಕಷ್ಟ.

ಈ ಕಟ್ಟನ್ನು ಸಡಿಲಿಸಿದ ಒಂದು ಮುಖ್ಯ ಪ್ರಯತ್ನ ಹೈದರಾಬಾದಿನಲ್ಲಿದ್ದ ಕವಿಯಿಂದ ನಡೆಯಿತು. ನಿಜಾಮ್ ಕಾಲೇಜಿನ ಅಧ್ಯಾಪಕರಾಗಿದ್ದ ಸಯ್ಯದ್ ಅಲಿ ಹೈದರ್ ನಜ್ಮ್ ತಬಾತಬಾಯಿ ಅವರು ಥಾಮಸ್ ಗ್ರೇ ಕವಿಯ ಸ್ಮಶಾನ ಶೋಕಗೀತೆಯನ್ನು ‘ಗೋರೆ ಗರೀಬಾಂ’ ಎಂಬ ಹೆಸರಿನಿಂದ ಅನುವಾದಿಸಿದರು. 1897ರಲ್ಲಿ ಅದು ಅಬ್ದುಲ್ ಹಲೀಮ್ ಶರರ್ ಅವರ ‘ದಿಲ್‌ಗುದಾಜ್’ ಪತ್ರಿಕೆಯಲ್ಲಿ ಬೆಳಕು ಕಂಡಿತು. ಗ್ರೇ ಕವಿಯ ಪದ್ಯದಲ್ಲಿರುವಂತೆ ನಾಲ್ಕು ಸಾಲಿನ ಪದ್ಯ, ಒಂದು ಮತ್ತು ಮೂರನೆಯ ಸಾಲಿಗೆ ಒಂದು ಪ್ರಾಸ, ಎರಡು ಮತ್ತು ನಾಲ್ಕನೆಯದಕ್ಕೆ ಇನ್ನೊಂದು. ಉರ್ದುವಿಗೆ ಇದು ಹೊಸ ವಿನ್ಯಾಸ. ಆದರೆ ಸಾಲಿನೊಳಗಿನ ನಡೆ ಹಳೆಯದು: ‘ಮಫಾಈಲುನ್’ ಎಂಬ ಗಣದ ನಾಲ್ಕು ಆವೃತ್ತಿ. ಕನ್ನಡ ಛಂದಶ್ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಯಗಣದ ಮೇಲೆ ಒಂದು ಗುರು, ಅಂದರೆ ಏಳು ಮಾತ್ರೆ. ಲೆಕ್ಕದಲ್ಲಿ ಭಾಮಿನಿಯ ಮೂರು–ನಾಲ್ಕರ ಗತಿಗೆ ಇದು ಸಮೀಪವಾದರೂ, ಲಘುವಿನ ಮುಂದೆ ಗುರು ಬರುವ ಈ ಆರಂಭ ಕನ್ನಡದ ಮಾತ್ರಾಗಣಗಳಿಗೆ ಒಗ್ಗುವಂಥದಲ್ಲ. ತಬಾತಬಾಯಿ ಅವರು ಇಂಗ್ಲಿಷಿನ ಲಯವನ್ನು ಅನುಕರಿಸಲು ಹೋಗಲಿಲ್ಲ. ಕಿವಿ ಒಪ್ಪಿದ ಗಣವನ್ನು ಇಟ್ಟುಕೊಂಡು ಪದ್ಯದ ಕಟ್ಟಡವನ್ನು ಮಾತ್ರ ಬದಲಿಸಿದರು.

ಇರಾನಿನಲ್ಲಿ ಇದೇ ಕಾರ್ಯವನ್ನು ಇನ್ನೂ ದೂರ ಕೊಂಡೊಯ್ದವರು ನೀಮಾ ಯೂಶಿಜ್. ತೆಹರಾನಿನ ಫ್ರೆಂಚ್ ಶಾಲೆಯಲ್ಲಿ ಕಲಿತ ಅವರು 1922ರ ‘ಅಫ್ಸಾನೆ’ಯಲ್ಲಿ ಹೊಸ ಪದ್ಯಬಂಧವನ್ನು ತಂದರು, 1930ರ ದಶಕದ ಕೊನೆಯ ಹೊತ್ತಿಗೆ ಸಾಲಿನ ಸಮಾನ ಉದ್ದವನ್ನೇ ಬಿಟ್ಟರು. ಅರೂಜಿನ ಗಣ ಉಳಿಯಿತು. ಒಂದು ಸಾಲಿನಲ್ಲಿ ಅದು ಎಷ್ಟು ಬಾರಿ ಬರಬೇಕೆಂಬುದನ್ನು ಭಾವ ನಿರ್ಧರಿಸಿತು. ಇರಾಕಿನಲ್ಲಿ ನಾಜಿಕ್ ಅಲ್ ಮಲಾಇಕಾ 1947ರಲ್ಲಿ, ಈಜಿಪ್ಟಿನ ಕಾಲರಾ ಪಿಡುಗನ್ನು ಕುರಿತು ಬರೆದ ಕವಿತೆಯಲ್ಲಿ ಇದೇ ಸೂತ್ರವನ್ನು ಅನುಸರಿಸಿದರು. ಅವರ ಸಮಕಾಲೀನ ಬದ್ರ್ ಶಾಕಿರ್ ಅಲ್ ಸಯ್ಯಾಬ್ ಎಲಿಯಟ್‌ನನ್ನೂ ಈಡಿತ್ ಸಿಟ್‌ವೆಲ್‌ರನ್ನೂ ಓದಿಕೊಂಡವರು. ಆದರೆ ಅವರ ಪ್ರಸಿದ್ಧ ಮಳೆಗೀತೆ ಅರಬ್ಬೀ ಗಣದ ಮೇಲೆಯೇ ನಡೆಯುತ್ತದೆ. 1962ರ ತಮ್ಮ ಶಾಸ್ತ್ರಗ್ರಂಥದಲ್ಲಿ ನಾಜಿಕ್ ಈ ಹೊಸ ಪದ್ಯವು ಖಲೀಲನ ಪ್ರಾಚೀನ ಛಂದಸ್ಸಿನ ವಿಸ್ತರಣೆಯೇ ಹೊರತು ಅದರ ನಿರಾಕರಣೆಯಲ್ಲವೆಂದು ಪ್ರತಿಪಾದಿಸಿದರು.

ಕನ್ನಡದ ವಿದ್ಯಾರ್ಥಿಗೆ ಈ ಕಥೆ ಅಪರಿಚಿತವೆನಿಸಬಾರದು. 1911ರಲ್ಲಿ ಗೋವಿಂದ ಪೈ ಅವರು ದ್ವಿತೀಯಾಕ್ಷರ ಪ್ರಾಸವನ್ನು ತ್ಯಜಿಸಿದರು. 1926ರಲ್ಲಿ ಸಂಕಲನವಾಗಿ ಬಂದ ‘ಇಂಗ್ಲಿಷ್ ಗೀತಗಳು’ ಮೂರು, ನಾಲ್ಕು, ಐದು ಮಾತ್ರೆಯ ಗಣಗಳನ್ನು ಉಳಿಸಿಕೊಂಡು ಅವುಗಳಿಂದ ಹೊಸ ಪದ್ಯರೂಪಗಳನ್ನು ಕಟ್ಟಿತು. ಇಂಗ್ಲಿಷಿನ ಪ್ರಾಸರಹಿತ ಪದ್ಯಕ್ಕೆ ಸಂವಾದಿಯಾಗಿ ಲಲಿತ ರಗಳೆಯ ಐದು ಮಾತ್ರೆಯ ಗಣವೇ ಪ್ರಾಸ ಕಳಚಿ, ಸಾಲು ದಾಟಿ ಹರಿಯುವ ಸರಳ ರಗಳೆಯಾಯಿತು. ಕುವೆಂಪು ಅವರಲ್ಲಿ ಅದು ಮಹಾಛಂದಸ್ಸಾಗಿ ಬೆಳೆಯಿತು. ಪರಸ್ಪರ ಪರಿಚಯವಿಲ್ಲದ ಬೆಂಗಳೂರು, ಹೈದರಾಬಾದು, ತೆಹರಾನ್, ಬಾಗ್ದಾದುಗಳ ಕವಿಗಳು ಒಂದೇ ಸಮಸ್ಯೆಗೆ ಒಂದೇ ಬಗೆಯ ಪರಿಹಾರ ಕಂಡುಕೊಂಡರು.

ನಾಟಕದಲ್ಲಿಯೂ ಈ ಸಾಮ್ಯವುಂಟು. ಬಿ.ಎಂ.ಶ್ರೀ. ಅವರು ಸೋಫೋಕ್ಲಿಸನ ‘ಅಜಾಕ್ಸ್’ನ ಕಟ್ಟನ್ನು ಮಹಾಭಾರತದ ವಸ್ತುವಿಗೆ ಅಳವಡಿಸಿ ‘ಅಶ್ವತ್ಥಾಮನ್’ ರಚಿಸಿದರೆ, ಈಜಿಪ್ಟಿನ ತೌಫೀಕ್ ಅಲ್ ಹಕೀಮ್ 1949ರಲ್ಲಿ ‘ಈಡಿಪಸ್ ದೊರೆ’ಯನ್ನು ಬರೆದರು. ಹಳೆಯ ಅರಬ್ಬರು ಗ್ರೀಕ್ ನಾಟಕವನ್ನು ಏಕೆ ಅನುವಾದಿಸಲಿಲ್ಲವೆಂಬುದು ಅದರ ಮುನ್ನುಡಿಯ ಚರ್ಚಾವಿಷಯ. ಇಬ್ನ್ ರುಷ್ದ್‌ನಿಗೆ ದಕ್ಕದ ಶಬ್ದ ಅಲ್ ಹಕೀಮ್‌ರಿಗೆ ದಕ್ಕಿದ್ದು ಅವರ ಕಾಲಕ್ಕೆ ಕೈರೋದಲ್ಲಿ ರಂಗಭೂಮಿ ಇದ್ದುದರಿಂದ.

ಈ ವಾದಕ್ಕೆ ಅಪವಾದಗಳಿಲ್ಲವೆಂದಲ್ಲ. 1957ರಲ್ಲಿ ಬೈರೂತಿನಲ್ಲಿ ಪ್ರಾರಂಭವಾದ ‘ಶಿಅರ್’ ಪತ್ರಿಕೆಯ ಬಳಗದ ಅದೋನಿಸ್ ಮುಂತಾದವರೂ ಇರಾನಿನ ಅಹ್ಮದ್ ಶಾಮ್ಲೂ ಅವರೂ ಗಣವನ್ನೂ ಬಿಟ್ಟು ಗದ್ಯಕವಿತೆಗೆ ತಿರುಗಿದರು. ಆದರೆ ಅವರು ನಿಂತದ್ದು ಹಿಂದಿನವರು ಸಾಲನ್ನು ಬಿಡಿಸಿಕೊಟ್ಟ ನೆಲದ ಮೇಲೆ ಎಂಬುದನ್ನು ಮರೆಯುವಂತಿಲ್ಲ.

5

ಹೈದರಾಬಾದಿನ ಇನ್ನೊಂದು ಪ್ರಯೋಗ ಈ ತತ್ತ್ವವನ್ನು ವಿರುದ್ಧ ದಿಕ್ಕಿನಿಂದ ಪರೀಕ್ಷಿಸುತ್ತದೆ. ಉಸ್ಮಾನಿಯಾ ವಿಶ್ವವಿದ್ಯಾಲಯವು 1918ರಲ್ಲಿ ಸ್ಥಾಪನೆಗೊಂಡಾಗ ಅದರ ಬೋಧನ ಮಾಧ್ಯಮ ಉರ್ದು. ಭಾರತೀಯ ಭಾಷೆಯೊಂದರಲ್ಲಿ ಆಧುನಿಕ ಉನ್ನತ ಶಿಕ್ಷಣ ನೀಡುವ ಆ ಸಾಹಸಕ್ಕೆ ಪಠ್ಯಗಳನ್ನು ಒದಗಿಸಲು ಹಿಂದಿನ ವರ್ಷವೇ ‘ದಾರುಲ್ ತರ್ಜುಮಾ’ ಎಂಬ ಅನುವಾದ ಸಂಸ್ಥೆ ಮೌಲವಿ ಅಬ್ದುಲ್ ಹಕ್ ಅವರ ನೇತೃತ್ವದಲ್ಲಿ ಪ್ರಾರಂಭವಾಗಿತ್ತು. ತಬಾತಬಾಯಿ, ‘ಉಮ್ರಾವ್ ಜಾನ್ ಅದಾ’ದ ಕರ್ತೃ ಮಿರ್ಜಾ ಹಾದಿ ರುಸ್ವಾ, ಕವಿ ಜೋಶ್ ಮಲೀಹಾಬಾದಿ ಮೊದಲಾದವರು ಅಲ್ಲಿ ದುಡಿದರು. ಇತಿಹಾಸ, ತತ್ತ್ವ, ಗಣಿತ, ವೈದ್ಯ, ಯಂತ್ರಶಿಲ್ಪಗಳ ಗ್ರಂಥಗಳು ಉರ್ದುವಿಗೆ ಬಂದವು.

ಪಾರಿಭಾಷಿಕ ಶಬ್ದಗಳ ಪ್ರಶ್ನೆ ಆಗ ತೀವ್ರವಾಗಿ ಎದ್ದಿತು. ಅರಬ್ಬೀ ಧಾತುಗಳಿಂದಲೇ ಶಬ್ದಗಳನ್ನು ಸಿದ್ಧಪಡಿಸಬೇಕೆಂಬುದು ಒಂದು ಪಕ್ಷ. ವಹೀದುದ್ದೀನ್ ಸಲೀಮ್ ಅವರು 1921ರ ‘ವಜ್ಎ ಇಸ್ತಿಲಾಹಾತ್’ ಗ್ರಂಥದಲ್ಲಿ ಬೇರೆಯದೇ ನಿಲುವು ತಳೆದರು: ಉರ್ದು ಆರ್ಯಭಾಷಾವರ್ಗಕ್ಕೆ ಸೇರಿದುದು, ಸಮಾಸ, ಉಪಸರ್ಗ, ಪ್ರತ್ಯಯಗಳಿಂದ ಶಬ್ದ ಕಟ್ಟುವುದೇ ಅದರ ಸ್ವಭಾವ, ಫಾರಸಿ ಮತ್ತು ಹಿಂದಿಯ ಅಂಶಗಳನ್ನು ಕೂಡಿಸಿಕೊಳ್ಳಲು ಹಿಂಜರಿಯಬಾರದು. ಸಂಸ್ಕೃತ ಧಾತುಗಳೋ ಅಚ್ಚಗನ್ನಡವೋ ಎಂದು ಕನ್ನಡದಲ್ಲಿ ಮತ್ತೆಮತ್ತೆ ಏಳುವ ವಾದಕ್ಕೆ ಇದು ನಿಕಟ ಸಂಬಂಧಿ.

ಅದೇ 1921ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾದ ಜಮಾಲ್‌ಜಾದೆಯವರ ಫಾರಸಿ ಕಥಾಸಂಕಲನದ ಮೊದಲ ಕಥೆ ಇದೇ ಸಮಸ್ಯೆಯನ್ನು ಕುರಿತದ್ದು. ‘ಫಾರಸಿಯೆಂದರೆ ಸಕ್ಕರೆ’ ಎಂಬರ್ಥದ ಶೀರ್ಷಿಕೆಯ ಆ ಕಥೆಯಲ್ಲಿ ಸೆರೆಮನೆಗೆ ಬಿದ್ದ ಹಳ್ಳಿಯ ಹುಡುಗನೊಬ್ಬನು ಜೊತೆಯಲ್ಲಿದ್ದವರನ್ನು ಮಾತನಾಡಿಸುತ್ತಾನೆ. ಒಬ್ಬನ ಬಾಯಲ್ಲಿ ಅರಬ್ಬೀ ತುಂಬಿದ ಭಾಷೆ, ಇನ್ನೊಬ್ಬನದರಲ್ಲಿ ಫ್ರೆಂಚ್ ತುಂಬಿದ್ದು. ಹುಡುಗನಿಗೆ ಎರಡೂ ಅರ್ಥವಾಗದೆ ಭಯ ಹತ್ತುತ್ತದೆ.

ಹೈದರಾಬಾದು ಸಂಸ್ಥಾನದಲ್ಲಿ ಆ ಹುಡುಗನ ಸ್ಥಾನದಲ್ಲಿದ್ದವರು ಬಹುಸಂಖ್ಯಾತರು. ಸಂಸ್ಥಾನದ ಬಹುಪಾಲು ಪ್ರಜೆಗಳ ಮನೆಮಾತು ತೆಲುಗು, ಮರಾಠಿ, ಕನ್ನಡ. ಕನ್ನಡ ಜಿಲ್ಲೆಗಳ ವಿದ್ಯಾರ್ಥಿಗೆ ಇಂಗ್ಲಿಷಿನ ಬದಲು ಬಂದ ‘ದೇಶೀಯ’ ಮಾಧ್ಯಮವೂ ತನ್ನ ಭಾಷೆಯಾಗಿರಲಿಲ್ಲ. ಅದರ ಪಾರಿಭಾಷಿಕಗಳಂತೂ ಉರ್ದು ಮನೆಮಾತಿನವರಿಗೂ ಕಠಿಣವಾಗಿದ್ದವು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡ ತರುವಾಯ ವಿಶ್ವವಿದ್ಯಾಲಯದ ಮಾಧ್ಯಮ ಇಂಗ್ಲಿಷಾಯಿತು. ಮೂರು ದಶಕಗಳ ಶ್ರಮದ ಫಲವಾದ ಶಬ್ದಸಂಪತ್ತು ಬಹುಮಟ್ಟಿಗೆ ತರಗತಿಯಿಂದ ಗ್ರಂಥಾಲಯಕ್ಕೆ ಸರಿಯಿತು. ಇದಕ್ಕೆ ರಾಜಕೀಯ ಪರಿವರ್ತನೆಯೇ ನೇರ ಕಾರಣವೆಂಬುದು ಸ್ಪಷ್ಟ. ಆದರೂ ಜನರ ಬಾಯಲ್ಲಿ ಆ ಶಬ್ದಗಳು ನೆಲೆಗೊಂಡಿದ್ದರೆ ಒಂದು ಆಡಳಿತ ಬದಲಾದ ಮಾತ್ರಕ್ಕೆ ಇಷ್ಟು ಬೇಗ ಮರೆಯಾಗುತ್ತಿರಲಿಲ್ಲ. ಆಸಫ್‌ಜಾಹಿ ಆಡಳಿತ ಕಣ್ಮರೆಯಾದರೂ ‘ಕಾನೂನು’, ‘ಕಲಮು’ಗಳು ಕನ್ನಡದಲ್ಲಿ ಉಳಿದಿವೆ.

ಆದುದರಿಂದ ದಾರುಲ್ ತರ್ಜುಮಾವನ್ನು ವ್ಯರ್ಥಪ್ರಯತ್ನವೆಂದು ತಳ್ಳಿಹಾಕುವುದೂ ಸರಿಯಲ್ಲ, ಕೇವಲ ಭಾಷಾದಬ್ಬಾಳಿಕೆಯೆಂದು ಮುಗಿಸುವುದೂ ಸರಿಯಲ್ಲ. ದೇಶೀಯ ಭಾಷೆಯಲ್ಲಿ ಉನ್ನತ ವಿದ್ಯೆ ಸಾಧ್ಯವೆಂದು ಅದು ತೋರಿಸಿಕೊಟ್ಟಿತು. ಯಾರ ಭಾಷೆ ಎಂಬ ಪ್ರಶ್ನೆಗೆ ಉತ್ತರ ನೀಡಲಿಲ್ಲ.

6

ಮೇಲಿನ ನಿದರ್ಶನಗಳಿಂದ ಒಂದು ನಿರ್ಣಯಕ್ಕೆ ಬರಬಹುದು. ಹೊರಗಿನಿಂದ ಬಂದ ರೂಪವು ಸ್ವೀಕರಿಸುವ ಭಾಷೆಯ ಅಗತ್ಯಕ್ಕೆ ಓಗೊಟ್ಟಾಗ, ಆ ಭಾಷೆಯ ಕಿವಿಗೆ ಪರಿಚಿತವಾದ ಗಣ, ಗತಿ, ಶಬ್ದಗಳ ಮೇಲೆ ಕಟ್ಟಲ್ಪಟ್ಟಾಗ ಬದುಕುತ್ತದೆ. ಮೇಲಿನಿಂದ ಇಳಿಸಿದ ಶಬ್ದಕ್ಕೆ ಆ ಭಾಗ್ಯವಿಲ್ಲ. ಇರಾನಿನ ಜಲಾಲ್ ಆಲೆ ಅಹ್ಮದ್ 1962ರ ‘ಗರ್ಬ್‌ಜದಗಿ’ಯಲ್ಲಿ ಪಶ್ಚಿಮದ ಗೀಳನ್ನು ರೋಗವೆಂದು ಕರೆದರು. ಆ ಎಚ್ಚರ ಅವಶ್ಯಕ. ಆದರೆ ನೀಮಾ, ನಾಜಿಕ್, ತಬಾತಬಾಯಿಯವರ ಸಾಧನೆಯನ್ನು ರೋಗದ ಲಕ್ಷಣವೆಂದು ಎಣಿಸಲಾಗದು.

ಈ ನಿರ್ಣಯಕ್ಕೆ ಕನ್ನಡದ ಒಳಗಿನಿಂದಲೇ ಮತ್ತೊಂದು ಸಾಕ್ಷ್ಯವಿದೆ. ಅರಬ್ಬೀ–ಫಾರಸಿ–ಉರ್ದುಗಳ ಹೊಸ ಕವಿಗಳು ಯಾವ ಹಳೆಯ ಕಟ್ಟಿನಿಂದ ಹೊರಬರಲು ಹೆಣಗಿದರೋ ಆ ಕಟ್ಟಿನ ಗಜಲನ್ನು ರಾಯಚೂರು ಸೀಮೆಯ ಶಾಂತರಸರು ಕನ್ನಡಕ್ಕೆ ಒಗ್ಗಿಸಿದರು. ಅವರ ನಂತರ ಆ ಪ್ರದೇಶದಲ್ಲಿ ಕನ್ನಡ ಗಜಲಿನ ಒಂದು ಪರಂಪರೆಯೇ ಬೆಳೆಯಿತು. ಒಂದು ಭಾಷೆಗೆ ಬಂಧನವಾಗಿದ್ದುದು ಇನ್ನೊಂದಕ್ಕೆ ಬಿಡುಗಡೆಯಾಯಿತು. ಖಯ್ಯಾಮನಂತೆ ಗಜಲು ಲಂಡನ್ ಸುತ್ತಿಕೊಂಡು ಬರಲಿಲ್ಲ. ಉರ್ದುವನ್ನು ಬಲ್ಲ ಕನ್ನಡ ಕವಿಯ ಕೈಹಿಡಿದು ನೇರವಾಗಿ ಬಂದಿತು.

ಅಂಥ ದ್ವಿಭಾಷಾ, ತ್ರಿಭಾಷಾ ಪಾಂಡಿತ್ಯದ ತಲೆಮಾರು ಈಗ ಬಹುಮಟ್ಟಿಗೆ ಮರೆಯಾಗಿದೆ. 1888ರಲ್ಲಿ ಸ್ಥಾಪಿತವಾಗಿ ಅಪೂರ್ವ ಅರಬ್ಬೀ ಗ್ರಂಥಗಳನ್ನು ಸಂಪಾದಿಸಿ ಪ್ರಕಟಿಸಿದ ದಾಇರತುಲ್ ಮಆರಿಫ್, ಸಾಲಾರ್‌ಜಂಗ್ ಸಂಗ್ರಹಾಲಯದ ಹಸ್ತಪ್ರತಿ ವಿಭಾಗ, ಉಸ್ಮಾನಿಯಾದ ಗ್ರಂಥಭಂಡಾರ ಇವು ಹೈದರಾಬಾದಿನಲ್ಲಿ ಕನ್ನಡವನ್ನು ಅಭ್ಯಸಿಸುವ ವಿದ್ಯಾರ್ಥಿಯ ಕೈಯಳತೆಯಲ್ಲಿವೆ; ಲಿಪಿ ಮಾತ್ರ ದೂರವಾಗಿದೆ. ಬೆಂಗಳೂರಿನ ಅಥವಾ ಧಾರವಾಡದ ವಿದ್ಯಾರ್ಥಿಗೆ ದೊರೆಯದ ಈ ಅನುಕೂಲವನ್ನು ಬಳಸಿಕೊಳ್ಳಲು ಮೊದಲ ಹೆಜ್ಜೆ ದೊಡ್ಡದೇನೂ ಅಲ್ಲ. ಉರ್ದು ಲಿಪಿಯನ್ನು ಕಲಿತು ‘ಗೋರೆ ಗರೀಬಾಂ’ ಕೃತಿಯನ್ನೂ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನೂ ಗಣ ಗಣವಾಗಿ ಎದುರುಬದುರು ಇಟ್ಟು ನೋಡುವ ಒಬ್ಬ ಸಂಶೋಧಕ ಸಾಕು. ಕನ್ನಡ ನವೋದಯದ ಚರಿತ್ರೆಯನ್ನು ಏಷ್ಯದ ಇತರ ನವೋದಯಗಳ ನಡುವೆ ಇಟ್ಟು ಬರೆಯುವ ಕಾರ್ಯ ಅಲ್ಲಿಂದ ಪ್ರಾರಂಭವಾಗಬಹುದು.